ಏಳು ಸೆಕೆಂಡಿನ ರೊಟ್ಟಿ

ಎಡಗೈ ಹೆಬ್ಬೆರಳಿನ ತುದಿ ಸರ್‌ಗೆ ಜಡ್ಡುಗಟ್ಟಿತ್ತು. ಆ ಬೆರಳು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಕಿರುಬೆರಳಿನ ಬುಡದಿಂದ ಹೊರಟು, ಒಂದೊಂದೇ ಗೆಣ್ಣು ಮುಟ್ಟುತ್ತ ತೋರುಬೆರಳಿನ ತುದಿಯವರೆಗೆ ಹೋಗಿ, ಮತ್ತೆ ಕಿರುಬೆರಳಿಗೇ ಬರುತ್ತಿತ್ತು. ಹುಬ್ಬಳ್ಳಿ–ಧಾರವಾಡ ಬಸ್ಸಿನಲ್ಲಿ ಪಕ್ಕ ಕೂತವರು ಇವರು ಜಪ ಮಾಡುತ್ತಿದ್ದಾರೆಂದು ತಿಳಿದು ದನಿ ತಗ್ಗಿಸಿ ಮಾತಾಡುತ್ತಿದ್ದರು. ಆದರೆ ಅವರು ಎಣಿಸುತ್ತಿದ್ದದ್ದು, ನಾಡಿಯಂತೆ ಒಂದೇ ಸಮ ಮಿಡಿಯುವ ಕಂಪ್ಯೂಟರ್ ಚಿಪ್ ಒಂದು ಕೆಲಸಕ್ಕೆ ಎಷ್ಟು ಮಿಡಿತ ತೆಗೆದುಕೊಳ್ಳುತ್ತದೆ ಎಂಬುದನ್ನು.

ನಾನು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವಾಗ ಅವರು ನಮ್ಮ ಲ್ಯಾಬ್ ಸರ್. ಪಾಠ ಮಾಡುವ ಮೇಷ್ಟರಲ್ಲ, ಲ್ಯಾಬಿನ ಬೀಗ ತೆಗೆದು ಬೋರ್ಡು ಜೋಡಿಸಿಕೊಡುವವರು. ಡಿಗ್ರಿ ಇರಲಿಲ್ಲವಾದ್ದರಿಂದ ನಿವೃತ್ತಿಯವರೆಗೂ ಅದೇ ಹುದ್ದೆ, ಅದೇ ಸ್ಟೂಲು. ಆದರೆ ಕಲಿಯಬೇಕೆಂದಿದ್ದವರೆಲ್ಲ ಹೋಗುತ್ತಿದ್ದದ್ದು ಅವರ ಹತ್ತಿರ. ಚಿಪ್‌ಗೆ ತೀರ ಹತ್ತಿರದ ಭಾಷೆಯಲ್ಲಿ, ಒಂದು ಸಾಲಿಗೆ ಒಂದೇ ಸಣ್ಣ ಕೆಲಸ ಎಂಬಂತೆ, ನಮ್ಮಿಂದ ಪ್ರೋಗ್ರಾಮು ಬರೆಸುತ್ತಿದ್ದರು. ಆ ಸಾಲುಗಳನ್ನು ಚಿಪ್‌ಗೆ ತಿಳಿಯುವ ಅಂಕಿಗಳಾಗಿಸುವ ತಂತ್ರಾಂಶವೇ ಅಸೆಂಬ್ಲರ್. ಅದಕ್ಕೆ ಕೊಡುವ ಮೊದಲು ಪಟ್ಟಿಯ, ಅಂದರೆ ನೋಟ್‌ಬುಕ್ಕಿನ, ಅಂಚಿನಲ್ಲಿ ಪ್ರತಿ ಸಾಲಿಗೆ ಎಷ್ಟು ಮಿಡಿತ ಎಂದು ಕನ್ನಡ ಅಂಕಿಯಲ್ಲಿ ಬರೆದಿರಬೇಕು. ಬರೆಯದೆ ಹೋದರೆ ಪಟ್ಟಿ ಮುಚ್ಚಿ ಕೈಗೆ ಕೊಡುತ್ತಿದ್ದರು.

"ಎಣಿಸದ ಬರದ್ರ ಅದು ಪ್ರೋಗ್ರಾಮ್ ಅಲ್ಲ ತಂಗಿ, ಹರಕಿ. ಆದ್ರ ಆತು, ಬಿಟ್ರ ಬಿಟ್ಟಿತು."

ನಿವೃತ್ತಿಯ ಮೇಲೆ ತಾರಿಹಾಳದ ಸಣ್ಣ ವರ್ಕ್‌ಶಾಪುಗಳ ಯಂತ್ರಗಳನ್ನು ನಡೆಸುವ ಚಿಪ್ ಬೋರ್ಡು ಮಾಡಿಕೊಡತೊಡಗಿದರು. ದಾರ ಸುತ್ತುವುದು, ಡಬ್ಬಿಗೆ ಮುಚ್ಚಳ ಒತ್ತುವುದು, ಹೀಗೆ. ಅವರಿಗೆ ಪ್ರಾಣವಾಗಿದ್ದದ್ದು ಮಾತ್ರ ಬೆಂಗೇರಿಯಲ್ಲಿ ತಮ್ಮ ಮನೆಯ ಹಿಂದಿನ ಓಣಿಯ ರೊಟ್ಟಿ ಯಂತ್ರ. ಅಕ್ಕ-ತಂಗಿ ಇಬ್ಬರು ನಡೆಸುತ್ತಿದ್ದರು. ಜೋಳದ ಹಿಟ್ಟಿನ ಉಂಡೆ ಒಳಗಿಟ್ಟರೆ ಒತ್ತಿ, ಏಳು ಸೆಕೆಂಡು ಕಾವು ಕೊಟ್ಟು, ಹೊರಗೆ ತಳ್ಳುತ್ತಿತ್ತು. ಆ ಏಳು ಸೆಕೆಂಡನ್ನು ಸರ್ ಗಡಿಯಾರದಿಂದ ತಂದಿರಲಿಲ್ಲ. ಅವರ ಬೋರ್ಡಿನಲ್ಲಿ ಗಡಿಯಾರವೇ ಇರಲಿಲ್ಲ. ಚಿಪ್ಪನ್ನು ಲಕ್ಷಗಟ್ಟಲೆ ಸಲ ಸುಮ್ಮನೆ ಸುತ್ತು ಹಾಕಿಸಿ, ಒಂದು ಸುತ್ತಿಗೆ ಹದಿನಾಲ್ಕು ಮಿಡಿತ ಎಂದು ಗೆಣ್ಣಿನ ಮೇಲೆ ಎಣಿಸಿ ತಂದ ಏಳು ಸೆಕೆಂಡು ಅದು.

ಈ ಯಂತ್ರಗಳಿಗೆ ಅವರು ಬರೆದ ಪ್ರೋಗ್ರಾಮುಗಳ ಕಡತಗಳನ್ನೆಲ್ಲ ಒಂದು ಮುಕ್ತ ತಂತ್ರಾಂಶಕ್ಕೆ ಸೇರಿಸಿದವಳು ನಾನು. ಸಣ್ಣ ಬೋರ್ಡುಗಳಿಗೆ ಬೇಕಾದ ತುಣುಕುಗಳನ್ನೆಲ್ಲ ಕೂಡಿಸಿ, ಅಸೆಂಬ್ಲರ್ ಓಡಿಸಿ, ಚಿಪ್‌ಗೆ ತುಂಬಲು ಸಿದ್ಧ ಮಾಡಿಕೊಡುವ ಬಿಲ್ಡ್ ವ್ಯವಸ್ಥೆ ಅದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಬೇರೆ ಬೇರೆ ದೇಶಗಳ ಏಳೆಂಟು ಜನ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತೇವೆ, ಧಾರವಾಡದಿಂದ ನಾನೊಬ್ಬಳು. ಕೊಡುಗೆ ಕೊಟ್ಟವರ ಪಟ್ಟಿಯಲ್ಲಿ ತಮ್ಮ ಹೆಸರು ಬಂದ ದಿನ ಸರ್ ಅದನ್ನು ಪ್ರಿಂಟ್ ಹಾಕಿಸಿ, ಮನೆಯ ಗೋಡೆಯಲ್ಲಿ ಬುದ್ಧನ ಚಿತ್ರದ ಪಕ್ಕಕ್ಕೆ ಅಂಟಿಸಿದ್ದರು. "ನೋಡು, ಯಾರೂ ಡಿಗ್ರಿ ಕೇಳಲಿಲ್ಲ ನನಗ," ಎಂದು ಎರಡು ಸಲ ಹೇಳಿದರು.

ನಮ್ಮ ಹಳೆಯ ಅಸೆಂಬ್ಲರನ್ನು ನೋಡಿಕೊಳ್ಳುವವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ತಪ್ಪು ಸಿಕ್ಕರೆ ತಿದ್ದುವವರಿಲ್ಲ. ಹೊಸದೊಂದು ಬಂದಿತ್ತು, ಚುರುಕಾಗಿತ್ತು. ಇನ್ನು ಮೇಲೆ ಏನೂ ಹೇಳದಿದ್ದರೆ ಹೊಸದೇ ಓಡಲಿ, ಅದೇ ಡೀಫಾಲ್ಟ್ ಆಗಲಿ ಎಂದು ಎರಡು ವರ್ಷ ಚರ್ಚೆ ಮಾಡಿದೆವು. ಕೊನೆಗೆ ತಿದ್ದಿದವಳು ನಾನೇ. ಒಂದು ಪದ ಅಳಿಸಿ ಇನ್ನೊಂದು ಪದ ಬರೆದೆ, ಅಷ್ಟೇ. ಪರೀಕ್ಷೆಗಳೆಲ್ಲ ಪಾಸಾದವು. ಒಪ್ಪಿಗೆಯ ಗುಂಡಿ ಒತ್ತುವ ಹಕ್ಕೂ ನನ್ನದೇ. ಎಲ್ಲರೂ ಓಡಿಸಿ ನೋಡಲಿ ಎಂದು, ಒತ್ತುವ ಮೊದಲು ಒಂದು ವಾರ ಬಿಟ್ಟಿದ್ದೆ.

ಆ ವಾರ ಒಂದು ಮಧ್ಯಾಹ್ನ ಸರ್ ಬಸ್ಸು ಹಿಡಿದು ಧಾರವಾಡದ ನನ್ನ ಮನೆಗೆ ಬಂದರು. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಒಳಗೆ ಎರಡು ರೊಟ್ಟಿ. ಒಂದು ಹದವಾಗಿ ಬೆಂದಿತ್ತು. ಇನ್ನೊಂದರ ನಡು ಅಂಗೈಯಗಲ ಕರ್ರಗಾಗಿತ್ತು.

"ಇದು ಹಳೇದರದ್ದು. ಇದು ನಿಂದು."

ನಾನು ನಕ್ಕೆ. ಅವರು ನಗಲಿಲ್ಲ.

"ನಿನ್ನ ಹೊಸಾದು ಬಾಳ ಶಾಣ್ಯಾ ಐತಿ. ಸುತ್ತು ಮುಗದ ಮ್ಯಾಲೆ ಹಿಂದಕ್ಕ ಜಿಗಿ ಅಂತ ಬರದ್ರ ತಾನ ಗಿಡ್ಡ ಜಿಗಿತ ಆರಿಸ್ಕೋತೈತಿ. ಜಾಗ ಉಳಿತು. ಖರೇ, ಆದ್ರ ಗಿಡ್ಡ ಜಿಗಿತಕ್ಕ ಎರಡು ಮಿಡಿತ ಜಾಸ್ತಿ. ಹದಿನಾಲ್ಕು ಇದ್ದಿದ್ದು ಹದಿನಾರಾತು. ಏಳು ಸೆಕೆಂಡಿನ ಜಾಗಾದಾಗ ಎಂಟು." ಮಾತಾಡುವಾಗಲೂ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡುತ್ತಿತ್ತು.

"ಪರೀಕ್ಷಾ ಎಲ್ಲಾ ಪಾಸಾಗ್ಯಾವ್ರಿ ಸರ್," ಎಂದೆ.

"ನೀ ಎಣಿಸಿದೇನು?"

ಎಣಿಸಿರಲಿಲ್ಲ. ನಮ್ಮ ಪರೀಕ್ಷೆಗಳು ಪ್ರೋಗ್ರಾಮು ಸರಿಯಾದ ಜಾಗಕ್ಕೆ ಹೋಗುತ್ತದೆಯೇ ಎಂದಷ್ಟೇ ನೋಡುತ್ತಿದ್ದವು, ಎಷ್ಟು ಹೊತ್ತಿಗೆ ಎಂದಲ್ಲ. ಇಪ್ಪತ್ತು ವರ್ಷ ಇದೇ ಕೆಲಸದಲ್ಲಿದ್ದ ನನಗೆ ಅದು ಹೊಳೆಯದೆ ಹೋಗಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಹಳೆಯದೇ ಬೇಕೆಂದು ಅವರ ಕಡತಗಳಲ್ಲಿ ಒಂದು ಸಾಲು ಸೇರಿಸಿದರೆ ಸದ್ಯಕ್ಕೆ ನಡೆಯುತ್ತದೆ, ಆದರೆ ಮುಂದಿನ ಆವೃತ್ತಿಯಲ್ಲಿ ಹಳೆಯದನ್ನೇ ತೆಗೆದುಹಾಕುತ್ತೇವೆ ಎಂದು ತಿಳಿಸಿದೆ. ಹೊಸದರಲ್ಲಿ ಉದ್ದ ಜಿಗಿತವೇ ಬೇಕೆಂದು ಹಟ ಹಿಡಿಯಲು ದಾರಿಯಿರಲಿಲ್ಲ. ಅವರ ಮೂವತ್ತೊಂದು ಕಡತಗಳ ಪ್ರತಿ ಸುತ್ತನ್ನೂ ಮತ್ತೆ ಎಣಿಸಬೇಕಿತ್ತು.

"ಹಂಗಾರ ಒಂದ ಆವೃತ್ತಿ ತಡಿ ತಂಗಿ. ಎಲ್ಲಾ ಎಣಿಸಿ ಕೊಡ್ತೇನಿ. ಡೀಫಾಲ್ಟ್ ಅಂದ್ರ ಏನು? ಯಾರೂ ಏನೂ ಕೇಳದಿದ್ರ ಸಿಗೋದು. ಕೇಳಾಕ ಬರದವರಿಗೆ ಅದ ಎಲ್ಲಾ."

ತಡೆಯಬಹುದಿತ್ತು. ಗುಂಪಿನಲ್ಲಿ ಕೇಳಿದೆ ನಿಜ. ಈ ಚಿಪ್ ಬಳಸುವವರು ಬೇರೆ ಯಾರಿದ್ದಾರೆ ಎಂದು ಎಲ್ಲರೂ ಮರ್ಯಾದೆಯಿಂದಲೇ ಕೇಳಿದರು. ನನ್ನ ಹತ್ತಿರ ಒಂದೇ ಹೆಸರಿತ್ತು. ಎರಡು ವರ್ಷದ ಚರ್ಚೆಯಿಂದ ನಾನೂ ಬೇಸತ್ತಿದ್ದೆ, ಮುಗಿಸಿದವಳು ಎನಿಸಿಕೊಳ್ಳುವ ಆಸೆಯೂ ಇತ್ತು. ಅವರ ಕಡತಗಳಿಗೆ ಹಳೆಯದೇ ಬೇಕೆಂಬ ಆ ಸಾಲು ಸೇರಿಸಿ, ಗುಂಡಿ ಒತ್ತಿದೆ. ಶಹಬ್ಬಾಸ್ ಎಂದು ನಾಲ್ಕು ದೇಶಗಳಿಂದ ಬಂತು.

ಸರ್ ಸಿಟ್ಟಾಗಲಿಲ್ಲ. ಒಂದು ಹೊಸ ಪಟ್ಟಿ ಕೊಂಡು ಮೊದಲ ಕಡತದಿಂದ ಎಣಿಸತೊಡಗಿದರು. ಒಂಬತ್ತು ಮುಗಿಯುವಷ್ಟರಲ್ಲಿ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಬಲಗೈಯಲ್ಲಿ ಎಣಿಸಿದರೆ ಬರೆಯಲಿಕ್ಕೆ ಕೈಯಿಲ್ಲ. ಭಾನುವಾರ ಭಾನುವಾರ ನಾನು ಬೆಂಗೇರಿಗೆ ಹೋಗಿ ಪಕ್ಕದಲ್ಲಿ ಕೂತು, ಅವರು ತೊದಲುತ್ತ ಹೇಳಿದ ಅಂಕಿಗಳನ್ನು ಬರೆದುಕೊಂಡೆ. ಮೂರನೆಯ ಬೆರಳಿಗೆ ಬಂದಾಗ ಲೆಕ್ಕ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ. ನಾಲ್ಕು ಭಾನುವಾರ ಹೋದೆ, ಹತ್ತನೆಯದಾದ ರೊಟ್ಟಿಯ ಕಡತ ಮುಗಿಯಲಿಲ್ಲ. ಐದನೆಯದಕ್ಕೆ ಏನೋ ಕೆಲಸ ಬಂತು, ಆಮೇಲೆ ಪ್ರತಿ ಭಾನುವಾರವೂ ಏನೋ ಕೆಲಸ ಬರುತ್ತಲೇ ಇತ್ತು.

ನಾನು ತಪ್ಪಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿತ್ತು. ರೊಟ್ಟಿಯ ಅಕ್ಕ-ತಂಗಿಯರು ಸರ್ ಬೋರ್ಡನ್ನು ಅಷ್ಟರಲ್ಲಿ ಕಿತ್ತು ಮೂಲೆಗಿಟ್ಟು, ಪೇಟೆಯಿಂದ ತಂದ ರೆಡಿಮೇಡ್ ಟೈಮರ್ ಕೂಡಿಸಿಕೊಂಡಿದ್ದರು. "ಸರ್‌ಗೆ ಹೇಳಬ್ಯಾಡ್ರಿ ಮತ್ತ, ಜೀವಕ್ಕ ಹಚ್ಕೋತಾರ," ಎಂದು ಅಕ್ಕ ನನ್ನ ಕೈ ಹಿಡಿದಳು. ಅವಳು ನೋಡಲು ಬಂದಾಗಲೆಲ್ಲ ಸರ್ ಕೇಳುವುದು ಒಂದೇ. "ರೊಟ್ಟಿ ಹೆಂಗ ಬರಾಕತ್ತಾವ?"

"ಛಲೋ ಬರಾಕತ್ತಾವ್ರಿ ಸರ್, ನೀವು ಆರಾಮ ಮಾಡ್ರಿ."

ನಾನೂ ಅದನ್ನು ಮುಚ್ಚಿಟ್ಟೆ. ಮೂಲೆ ಸೇರಿದ ಬೋರ್ಡಿಗಾಗಿ ಆ ಮನುಷ್ಯ ಬಲಗೈಯ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುವುದನ್ನು ನೋಡುತ್ತ ಕೂಡುವುದು ನನ್ನಿಂದ ಆಗಲಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹದಿನೈದು ದಿನಕ್ಕೆ ಮುಂದಿನ ಆವೃತ್ತಿ ಹೊರಬಂತು. ಹಳೆಯ ಅಸೆಂಬ್ಲರ್ ಹೋಯಿತು, ಅದಿಲ್ಲದೆ ಸಿದ್ಧವಾಗದ ಕಡತಗಳೂ ಹೋದವು. ಒಂಬತ್ತು ಉಳಿದಿವೆ. ರೊಟ್ಟಿಯದು ಆ ಒಂಬತ್ತರಲ್ಲಿಲ್ಲ. ಅಳಿಸಿದ್ದಕ್ಕೆ ಒಪ್ಪಿಗೆ ಕೊಟ್ಟವಳೂ ನಾನೇ.

ಆಮೇಲೆ ಅವರ ಹೆಂಡತಿ ಪಟ್ಟಿಯನ್ನು ತಂದು ನನ್ನ ಕೈಗಿಟ್ಟರು. "ತಂಗಿ ಬಂದ್ರ ಕೊಡು, ರೊಟ್ಟೀದು ಮುಗದೈತಿ, ಅದರಾಗ ಹಾಕ್ತಾಳ ಅಂದಿದ್ರು. ಹಾಕ್ತೀಯಲ್ಲವಾ?"

"ಹಾಕ್ತೇನ್ರಿ," ಎಂದೆ. ಹಾಕಲು ಜಾಗವಿರಲಿಲ್ಲ, ಕಡತ ಅಳಿಸಿಯಾಗಿತ್ತು, ಯಂತ್ರದಲ್ಲಿ ಆ ಬೋರ್ಡೂ ಇರಲಿಲ್ಲ.

ನಾನಿಲ್ಲದ ಭಾನುವಾರಗಳಲ್ಲಿ ಬಲಗೈಯಲ್ಲೇ ಎಣಿಸಿ, ನಿಲ್ಲಿಸಿ, ಬರೆದು, ಮತ್ತೆ ಎಣಿಸಿದ್ದರು. ಅಂಕಿಗಳು ಸೊಟ್ಟಗಿದ್ದವು, ಕೆಲವು ಅಂಚು ದಾಟಿ ಆಚೆ ಹೋಗಿದ್ದವು. ಮನೆಗೆ ತಂದು ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕಿಟ್ಟು, ಮೊದಲ ಸಾಲಿನಿಂದ ಎಣಿಸಿದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಕೊನೆ ಮುಟ್ಟಿದೆ. ಒಂದು ಮಿಡಿತವೂ ಹೆಚ್ಚುಕಡಿಮೆಯಿಲ್ಲ, ಏಳು ಸೆಕೆಂಡು.