ಬಣವೆಯ ಮೇಲಿನ ನೆಟ್ಟು

ಜುಗೂಳದ ರೂಪಾಲಿಯ ಮನೆಯ ಇಂಟರ್ನೆಟ್ಟನ್ನು ಎಮ್ಮೆಗಳು ದಿನಾ ಒಂದಿಷ್ಟು ತಿಂದು ಮುಗಿಸುತ್ತಿದ್ದವು. ನಗಬೇಡಿ, ಇದ್ದದ್ದೇ ಹಾಗೆ.

ರಾಯಬಾಗದಿಂದ ಸೊಸೆಯಾಗಿ ಬಂದ ಹೊಸತರಲ್ಲಿ, ಹೊಳೆದಂಡೆಯ ತಗ್ಗಿನ ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ಲೇ ಸಿಗದೆ ಅವಳಿಗೆ ತಲೆ ಕೆಟ್ಟುಹೋಗಿತ್ತು. ಊರವರ ರವಿಕೆ ಹೊಲಿಯುವವಳು. ಹೊಸ ನಮೂನೆಯ ತೋಳು, ಕೊರಳು ಎಲ್ಲ ವಿಡಿಯೊ ನೋಡಿಯೇ ಕಲಿಯಬೇಕು. ಒಂದು ಸುಗ್ಗಿಯಲ್ಲಿ ಮೇವು ಒಟ್ಟಲೆಂದು ಹಿತ್ತಲಿನ ಬಣವೆ ಹತ್ತಿದಾಗ ಸೆರಗಿನಲ್ಲಿದ್ದ ಫೋನು ಟಣಟಣ ಎಂದಿತು. ಅಂದಿನಿಂದ ಕ್ಯಾಮೆರಾ ಕೆಟ್ಟ ಹಳೆಯ ಫೋನೊಂದು ಹಾಟ್‌ಸ್ಪಾಟ್ ಹಚ್ಚಿಕೊಂಡು, ಪ್ಲಾಸ್ಟಿಕ್ ಚೀಲದೊಳಗೆ, ಬಣವೆಯ ನೆತ್ತಿಯ ಮೇಲೆ ಸಂಸಾರ ಹೂಡಿತು. ಅಲ್ಲಿಂದ ಇಳಿದ ನೆಟ್ಟು ಅಡುಗೆಮನೆಯ ತನಕ ಬರುತ್ತಿತ್ತು.

ಆದರೆ ಬಣವೆ ಇರುವುದು ಎಮ್ಮೆಗಳಿಗಲ್ಲವೇ? ಅತ್ತೆ ಶಿವಗಂಗವ್ವ ಹೊತ್ತುಹೊತ್ತಿಗೆ ಜೋಳದ ಕಣಿಕೆಯ ಒಣದಂಟು ಹಿರಿದಂತೆಲ್ಲ ಬಣವೆ ತಗ್ಗುತ್ತಿತ್ತು, ಸಿಗ್ನಲ್ಲೂ ತಗ್ಗುತ್ತಿತ್ತು. ಎಮ್ಮೆಗೆ ಹಸಿ ಕಬ್ಬಿನ ಸೋಗೆ ಹಾಕಬಾರದೇ ಎಂದು ಸೊಸೆ ಗೋಗರೆದರೆ, ನಿನ್ನ ನೆಟ್ಟು ಹಾಲು ಕೊಡುತ್ತದೇನು ಎಂದು ಅತ್ತೆ ಕೇಳುತ್ತಿದ್ದಳು. ಈ ಜಗಳ ಇಬ್ಬರಿಗೂ ಚಹಾದಷ್ಟೇ ರೂಢಿಯಾಗಿತ್ತು.

ಹೀಗಿರುವಾಗ ರೂಪಾಲಿಯ ತಮ್ಮ ಅಮಿತನಿಗೆ, ಬೇಡದ ದೇವರಿಲ್ಲ ಎನ್ನುವಷ್ಟು ಬೇಡಿಕೊಂಡ ಮೇಲೆ, ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವ ಹಕ್ಕು ಸೋದರತ್ತೆಯದು. ಉಸುರಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಅದೂ ಪದ್ಧತಿ. ಆ ಗುದ್ದು ತಿನ್ನಲು ರೂಪಾಲಿ ವರ್ಷಗಟ್ಟಲೆ ಬೆನ್ನು ಕಾಯ್ದಿಟ್ಟುಕೊಂಡಿದ್ದಳು.

ಹೆಸರಿಡುವ ದಿನ ನೋಡಿದರೆ ಕೃಷ್ಣೆ ಸೇತುವೆಯ ಮೇಲೆಯೇ ಹರಿಯುತ್ತಿದ್ದಳು. ಬಸ್ಸಿಲ್ಲ, ಟ್ರ್ಯಾಕ್ಟರಿಲ್ಲ. ಕಾಕನ ಮಗಳ ಕೈಯಿಂದ ಹೆಸರಿಡಿಸುತ್ತೇವೆ ಎಂದು ಅಮಿತ ರಾಯಬಾಗದಿಂದ ಸಂದೇಶ ಕಳಿಸಿದ. ರೂಪಾಲಿ ಒಪ್ಪಲಿಲ್ಲ. ಫೋನನ್ನು ಕೂಸಿನ ಕಿವಿಗೆ ಹಿಡಿ, ನಾನೇ ಹೇಳುತ್ತೇನೆ ಎಂದು ಉತ್ತರಿಸಿದಳು.

ಹೇಳಿದ್ದೇನೋ ಸರಿ. ಶ್ರಾವಣದ ಹೊತ್ತಿಗೆ ಬಣವೆ ಅರ್ಧವೂ ಉಳಿದಿರಲಿಲ್ಲ. ಹೆಂಚಿನ ಮಾಡು ಹತ್ತೋಣವೆಂದರೆ ಮಳೆಗೆ ಜಾರುತ್ತಿತ್ತು. ಬಿದಿರಿನ ಗಳಕ್ಕೆ ಹಾಟ್‌ಸ್ಪಾಟಿನ ಚೀಲ ಕಟ್ಟಿ ಬಣವೆಯಲ್ಲಿ ನೆಟ್ಟರೆ ಗಾಳಿಗೆ ವಾಲಿ ಬಿತ್ತು. ಸೊಸೆಯ ಕಣ್ಣು ತುಂಬಿದ್ದನ್ನು ಅತ್ತೆ ಎಮ್ಮೆಗಳು ಮೇವು ತಿನ್ನುವ ಗೋದಲಿಯ ಬಳಿಯಿಂದ ನೋಡಿದಳು. ಸೀರೆ ಎತ್ತಿ ಕಚ್ಚೆ ಬಿಗಿದಳು.

“ಬಣವಿ ಎಮ್ಮಿ ಹೊಟ್ಟಿಗೆ ಹಾಕಿದಾಕಿ ನಾನ. ಈಗ ನಿನ್ನ ನೆಟ್ಟಿಗೆ ನಾನ ನಿಂದರ್ತೇನಿ. ತಾ ಆ ಗಳಾ.”

ಶಿವಗಂಗವ್ವ ಬಣವೆಯ ಮೇಲೆ ಗಳ ಎತ್ತಿ ನಿಂತಳು. ಕೆಳಗೆ ಎಮ್ಮೆಗಳ ನಡುವೆ, ಕೊಟ್ಟಿಗೆಯ ತಗಡಿನಡಿ ಕೂತ ರೂಪಾಲಿಯ ಫೋನಿನಲ್ಲಿ ತೊಟ್ಟಿಲು ಮೂಡಿತು, ಕೂಸು ಮೂಡಿತು, ಪುಟ್ಟ ಕಿವಿಯೂ ಮೂಡಿತು. ಉಸುರಿದರೆ ತಗಡಿನ ಮೇಲಿನ ಮಳೆಯ ಸದ್ದಿನಲ್ಲಿ ಏನು ಕೇಳಬೇಕು? ರೂಪಾಲಿ ಎದೆ ತುಂಬ ಉಸಿರೆಳೆದು ಕೂಗಿದಳು.

“ಕುರ್ರ್ರ್... ಸೌಂದರ್ಯಾ!”

ಅಷ್ಟು ದಿನ ಗುಟ್ಟಾಗಿಟ್ಟ ಹೆಸರು ಕೂಸಿಗಿಂತ ಮೊದಲು ಓಣಿಗೆ ಗೊತ್ತಾಯಿತು. ಎಮ್ಮೆಯೊಂದು ಹಗ್ಗ ಜಗ್ಗಿತು. ಅತ್ತ ರಾಯಬಾಗದಲ್ಲಿ ಸೌಂದರ್ಯಾ ಬೆಚ್ಚಿ, ಆಮೇಲೆ ಆಕಳಿಸಿದಳು. ಹೆಂಗಸರೆಲ್ಲ ಹೋ ಎಂದು ಹೆಸರು ಹೇಳಿದರು, ನಕ್ಕರು, ಗುದ್ದಲು ಕೈ ಎತ್ತಿದರು. ಎದುರಿಗೆ ಬೆನ್ನೇ ಇರಲಿಲ್ಲ. ರೂಪಾಲಿಯ ತಾಯಿಯ ಕೈ ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ಅದನ್ನು ನೋಡಿ ರೂಪಾಲಿ ನಗುವುದನ್ನು ನಿಲ್ಲಿಸಿದಳು.

ಸದ್ದು ನಿಂತಿತೇಕೆ ಎಂದು ಅತ್ತೆ ಮೇಲಿನಿಂದ ಕೇಳಿದಳು. ಗುದ್ದುವವರಿಲ್ಲ, ಅವ್ವನ ಕೈ ಎತ್ತಿದಲ್ಲೇ ಉಳಿದಿದೆ ಎಂದಳು ಸೊಸೆ. ಶಿವಗಂಗವ್ವ ಗಳ ಬಿಸಾಕಿ ಕಣಿಕೆಯ ಸಮೇತ ಜಾರಿ ಕೆಳಗಿಳಿದಳು. ನೆಟ್ಟು ಹೋಯಿತು, ಚಿತ್ರ ನಿಂತಲ್ಲೇ ನಿಂತಿತು. ತೊಯ್ದ ಕೈ ಬೀಸಿ ಸೊಸೆಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಬಣವೆಯ ಜಗಳವೆಲ್ಲ ಅದರಲ್ಲಿತ್ತು. ರೂಪಾಲಿ ಅಯ್ಯೋ ಎಂದು ನಗುತ್ತಿರುವಾಗಲೇ ಇನ್ನೊಂದು ಬಿತ್ತು. ಅದು ತೀರಾ ಮೆತ್ತಗಿತ್ತು.

“ಇದು ನಿಮ್ಮವ್ವಂದು. ಅಕಿ ಕೈ ಹೊಳಿ ದಾಟಂಗಿಲ್ಲಲ್ಲ.”