ಹಕ್ಕಿ ಎಬ್ಬಿಸಿಕೊಟ್ಟವನು ನಾನು

ಗೆಳೆಯರೇ, ಹೊಟ್ಟೆ ಉರಿಯುತ್ತಿದೆ, ಹೇಳಿಯೇಬಿಡುತ್ತೇನೆ. ಇವತ್ತು ಬೆಳಗಾಗುವ ಮುಂಚೆಯೇ ಹೆಂಡತಿಯ ತವರೂರು ಹೆಮ್ಮರಗಾಲದ ಕೆರೆಯಂಚಿನಲ್ಲಿ ಎಲೆಬಣ್ಣದ ಬಟ್ಟೆ ಹೊದ್ದು, ಮೊಳದುದ್ದದ ಲೆನ್ಸ್ ಹಿಡಿದು ಪೊದೆಯಂತೆ ಕೂತಿದ್ದೆ. ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕೊಯ್ದ ಗದ್ದೆಯಲ್ಲಿ ಮೇಯುತ್ತಾ ಹತ್ತಿರ ಬರುತ್ತಿದ್ದವು. ಇನ್ನೇನು ಕ್ಲಿಕ್ಕಿಸಬೇಕು, ಕಾಲು ಜೋಮು ಹಿಡಿಯಿತು. ತಡೆಯಲಾರದೆ ಎದ್ದು ಕೊಡವಿದೆ. ಇಡೀ ಹಿಂಡು ಒಮ್ಮೆಲೇ ಹಾರಿತು. ನನಗೆ ಸಿಕ್ಕಿದ್ದು ಒಂದು ಬಾಲ, ಅದೂ ಮಸುಕು.

ಆಚೆ ಬದುವಿನಲ್ಲಿ ಎಮ್ಮೆ ಕಟ್ಟುತ್ತಿದ್ದ ನನ್ನ ಭಾಮೈದ ಫೋನ್ ಹಿಡಿದು ಓಡಿಬಂದ. "ಬಾವ, ನೋಡಿ ಎಂಗ್ ಬಂದದೆ!"

ಹುಟ್ಟುವ ಸೂರ್ಯ, ಅವನ ಮುಂದೆ ಸಾಲುಸಾಲು ರೆಕ್ಕೆ. ನಾನು ವರ್ಷಗಟ್ಟಲೆ ಕಾದ ಚಿತ್ರ!

"ಪರವಾಗಿಲ್ಲ, ಸ್ವಲ್ಪ ಶೇಕ್ ಆಗಿದೆ ಕಣೋ" ಎಂದೆ. ಆಗಿರಲಿಲ್ಲ.

ನಾವು ಮನೆ ಸೇರುವಷ್ಟರಲ್ಲಿ ಅದು ಫ್ಯಾಮಿಲಿ ಗ್ರೂಪಿನಲ್ಲಿತ್ತು. ಕೆಳಗೆ ಅವನೇ ಬರೆದಿದ್ದ: "ಹಕ್ಕಿ ಎಬ್ಬಿಸ್ಕೊಟ್ಟೋರು ನಮ್ ಬಾವ."

"ಫ್ರೇಮ್ ಹಾಕ್ಸಿ ನಮ್ಮನೆ ಟಿವಿ ಮೇಲ್ಗಡೆ ನೇತಾಕಣ ಕಣ್ರೀ, ನನ್ ತಮ್ಮ ತೆಗ್ದಿರೋದು" ಎಂದಳು ಹೆಂಡತಿ.

ಹೊಸ ಮೊಳೆ ಹೊಡೆಯುವುದೇನೂ ಬೇಡವಂತೆ. ನಾನು ತೆಗೆದ ಕೊಕ್ಕರೆ ನೇತಾಡುತ್ತಿರುವ ಮೊಳೆಯೇ ಸಾಕಂತೆ.