ಸೇನಾಪತಿ ಅಕ್ಕನ ಸೀಸದ ಪಡೆ

ಸೇನಾಪತಿ ಅಕ್ಕ ಯಾವ ಸೇನೆಯಲ್ಲೂ ಇದ್ದವಳಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲಿನ ಸೆಟ್ಟು ಮಾಡುವವಳು. ಬೀದಿಯಲ್ಲಿ ಯಾರಾದರೂ ಹಿರಿಯರು ನಕ್ಕರೆ ಸಾಕು, "ನೋಡಿ, ಅದು ನನ್ನ ಸೆಟ್ಟು" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಡುವಳು. ನಕ್ಕವರು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು.

ಹೆಸರು ಬಂದದ್ದು ಭಾನುವಾರಗಳಿಂದ. ಔಷಧಿ ಅಂಗಡಿಯ ಹಿಂಭಾಗದಲ್ಲಿ, ಕೆಮ್ಮಿನ ಸಿರಪ್ಪಿನ ರಟ್ಟಿನ ಪೆಟ್ಟಿಗೆಗಳ ಮಧ್ಯೆ ಮೇಜು ಹಾಕಿಕೊಂಡು ಮೂವರು ಸೀಸದ ಸೈನಿಕರಿಗೆ ಬಣ್ಣ ಬಳಿಯುತ್ತಿದ್ದರು: ಅಕ್ಕ, ಔಷಧಿ ಅಂಗಡಿಯವನು, ಮತ್ತು ಪಕ್ಕದ ಬೀದಿಯ ದರ್ಜಿ. ದರ್ಜಿಯನ್ನು ಅಕ್ಕ ಸೂಜಿ ಎಂದೇ ಕರೆಯುತ್ತಿದ್ದಳು. ಗೊಂಬೆಗಳು ಬೆರಳುದ್ದದವು, ಯಾರ ತಾತನ ಕಾಲದವೋ ಏನೋ. ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಗಳಲ್ಲಿ ಸಿಗುತ್ತಿದ್ದವು. ಒಬ್ಬನಿಗೆ ಕಾಲಿಲ್ಲ, ಇನ್ನೊಬ್ಬನ ಕುದುರೆ ಇದೆ, ಅವನೇ ಇಲ್ಲ. ತಲೆ ಹೋದವನ ಕುತ್ತಿಗೆಗೆ ಬೆಂಕಿಕಡ್ಡಿಯ ಚೂರು ತುರುಕಿ ಇನ್ನೊಬ್ಬನ ತಲೆ ಕೂರಿಸುವುದು ಔಷಧಿ ಅಂಗಡಿಯವನ ಕೆಲಸ. ಕೋಟು, ಗುಂಡಿ, ಪಟ್ಟಿ ಎಲ್ಲ ಸೂಜಿಯ ಪಾಲು. ಹಳೆಯ ಬಣ್ಣ ಒಂದಿಷ್ಟು ಉಳಿದಿದ್ದರೂ ಆ ಸೈನಿಕನನ್ನು ಮುಟ್ಟುವಂತಿಲ್ಲ, ಬಣ್ಣ ಪೂರ್ತಿ ಹೋದವರಿಗೆ ಮಾತ್ರ ಹೊಸದು. ಇದು ಅಕ್ಕನ ಕಾನೂನು.

ಕಣ್ಣು ಮಾತ್ರ ಅಕ್ಕನದು. ಮೊದಲು ಬಿಳಿ ಚುಕ್ಕೆ, ಅದರ ಮೇಲೆ ಕರಿ ಚುಕ್ಕೆ, ಅದೂ ಮೇಲಿನ ರೆಪ್ಪೆಗೆ ಅಂಟಿದಂತೆ. "ನಟ್ಟನಡುವೆ ಇಟ್ರೆ ಸೈನಿಕ ಅಲ್ಲ ಕಣೋ, ದೆವ್ವ ಕಂಡವನ ಥರ ಆಗ್ತಾನೆ" ಎಂದು ಸೂಜಿಗೆ ವರ್ಷಗಟ್ಟಲೆ ಪಾಠ ಹೇಳಿದ್ದಳು. ಹೋದ ವಾರದ ಸೈನಿಕನನ್ನು ಕಪಾಟಿನಿಂದ ತೆಗೆದು ಸೂಜಿಯ ಮೂಗಿನ ಕೆಳಗೆ ಹಿಡಿದು, "ನೋಡು, ಕಣ್ಣು ಅಂದ್ರೆ ಇದು. ನಿನ್ನ ಜನ್ಮದಲ್ಲಿ ಬರಲ್ಲ" ಎನ್ನುತ್ತಿದ್ದಳು. ಸೂಜಿ ತಲೆ ತಗ್ಗಿಸಿ ಗುಂಡಿಗಳಿಗೆ ಹಳದಿ ಹಚ್ಚುತ್ತಿದ್ದ.

ಈಚೆಗೆ ಅವಳ ಕೈ ನಡುಗುತ್ತಿತ್ತು. ಮನೆಯಲ್ಲಿ ಕಪ್ಪು ಎತ್ತಿದರೆ ಸಾಸರು ಕಟಕಟ ಎನ್ನುತ್ತಿತ್ತು. ಕ್ಲಿನಿಕ್ಕಿನಲ್ಲಿ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದು ಹೇಗೋ ಸುಧಾರಿಸುತ್ತಿದ್ದಳು. ಆದರೆ ಕುಂಚ ಹಿಡಿದರೆ ಮಾತ್ರ ಕೈ ತನ್ನ ಮಾತು ಕೇಳುತ್ತದೆ ಎಂದು ಅವಳು ನಂಬಿದ್ದಳು, ಆ ನಂಬಿಕೆಯ ಮೇಲೇ ನಿಂತಿದ್ದಳು. ಬಳಿಯುವಾಗ ಚುಕ್ಕೆ ಆಚೀಚೆ ಆಯಿತೇನೋ ಎನಿಸುವುದು ನಿಜ. ಮುಂದಿನ ಭಾನುವಾರ ಬಂದು ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು! ಇದಕ್ಕೂ ಅವಳ ಹತ್ತಿರ ವಿವರಣೆ ಇತ್ತು: "ಒಳ್ಳೆ ಬಣ್ಣ ಒಣಗ್ತಾ ಒಣಗ್ತಾ ತನ್ನ ಜಾಗಕ್ಕೆ ತಾನೇ ಹೋಗಿ ಕೂರುತ್ತೆ." ಉಳಿದಿಬ್ಬರೂ ಹೌದು ಹೌದು ಎಂದು ಗೋಣು ಆಡಿಸಿದ್ದರು.

ಅಕ್ಕನ ಗಂಡ ಬಸ್ ಡಿಪೋದಿಂದ ನಿವೃತ್ತನಾಗುವ ದಿನ ಹತ್ತಿರ ಬಂತು. ಪಾಪದ ಮನುಷ್ಯ, ಎಡಗಣ್ಣು ಹುಟ್ಟಿನಿಂದ ಮೂಗಿನ ಕಡೆಗೇ ಇತ್ತು. "ನನ್ನನ್ನ ನೋಡ್ತಿದ್ದೀರೋ, ಪಕ್ಕದವಳನ್ನೋ?" ಎಂದು ಮದುವೆಯಾದ ದಿನದಿಂದ ರೇಗಿಸಿಕೊಂಡೇ ಬಂದವಳು, ಬಾವುಟ ಹಿಡಿದ ಒಬ್ಬ ಸೈನಿಕನಿಗೆ ಅವನದೇ ದಪ್ಪ ಮೀಸೆ, ಅವನದೇ ಓರೆಗಣ್ಣು ಬರೆದು ಒಣಗಲು ಇಟ್ಟು ಬಂದಳು. ವಾರದ ಮೇಲೆ ಔಷಧಿ ಅಂಗಡಿಯವನು ಅದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಕೊಟ್ಟ. ಗಂಡ ಬಿಚ್ಚಿ, ಕನ್ನಡಕ ಹಾಕಿ, ತಿರುಗಿಸಿ ತಿರುಗಿಸಿ ನೋಡಿದ.

"ಮೀಸೆ ನಂದೇ. ಆದ್ರೆ ಇದು ನಾನಲ್ಲ ಕಣೇ, ಕಣ್ಣು ನೆಟ್ಟಗಿದೆ."

ಅಕ್ಕ ಕಸಿದುಕೊಂಡು ಭೂತಗನ್ನಡಿ ಹಿಡಿದಳು. ಕಣ್ಣು ನಿಜಕ್ಕೂ ನೆಟ್ಟಗಿತ್ತು. ಬಣ್ಣ ಎಷ್ಟೇ ಒಳ್ಳೆಯದಾದರೂ ಗಂಡನ ಹುಟ್ಟು ಓರೆಗಣ್ಣನ್ನು ತಿದ್ದುವಷ್ಟು ಒಳ್ಳೆಯದಿರಲು ಸಾಧ್ಯವಿಲ್ಲ.

ಭಾನುವಾರದವರೆಗೆ ಹೇಗೋ ಹಲ್ಲು ಕಚ್ಚಿಕೊಂಡಿದ್ದು, ಹೋದವಳೇ ಬಾವುಟದವನನ್ನು ಮೇಜಿನ ಮೇಲೆ ಕುಕ್ಕಿದಳು. "ಇವರ ಕಣ್ಣು ನೆಟ್ಟಗೆ ಮಾಡಿದ ಮಹಾನುಭಾವ ಯಾರು?"

ಔಷಧಿ ಅಂಗಡಿಯವನಿಗೆ ಇದ್ದಕ್ಕಿದ್ದಂತೆ ಬಣ್ಣದ ಡಬ್ಬಿಗಳ ಮುಚ್ಚಳ ಬಿಗಿ ಮಾಡುವ ಕೆಲಸ ನೆನಪಾಯಿತು. ಸೂಜಿಯೇ ಬಾಯಿ ಬಿಟ್ಟ. "ತಪ್ಪಾಯ್ತು ಅಕ್ಕ. ಭಾವನವರು ಅಂತ ಗೊತ್ತಾಗ್ಲಿಲ್ಲ. ನಿಮ್ಮ ಕೈ ಜಾರಿದೆ ಅಂದ್ಕೊಂಡೆ."

"ಅಂದ್ಕೊಂಡೆ ಅಂದ್ರೆ? ಮುಂಚೇನೂ ಜಾರಿತ್ತಾ?"

ಸೂಜಿ ಕಪಾಟಿನ ಕಡೆ ನೋಡಿದ. "ಒಂದು ವರ್ಷ ಆಯ್ತು ಅಕ್ಕ. ಆ ಎರಡು ಸಾಲೂ ನಾನೇ ತಿದ್ದಿದ್ದು."

ಆ ಎರಡು ಸಾಲು! ಅದೇ ಸೈನಿಕರನ್ನು ಅವನ ಮೂಗಿಗೆ ಹಿಡಿದು, ಅವನ ಕೆಲಸ ತೋರಿಸಿ ಅವನನ್ನೇ ಬೈದಿದ್ದಳು. ಈ ಬೃಹಸ್ಪತಿ ತಲೆ ತಗ್ಗಿಸಿಕೊಂಡು ಬೈಸಿಕೊಂಡಿದ್ದ. ಅಕ್ಕನಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಆಮೇಲೆ ಅಳುವೇ ಬಂತು.

"ಯಾಕೋ ಹೇಳ್ಲಿಲ್ಲ, ಕತ್ತೆ?"

"ಹೇಳಿದ್ರೆ ನೀವು ಬರೋದೇ ಬಿಡ್ತಿದ್ರಿ. ನೀವಿಲ್ದೆ ಇವನ ಮುಖ ನಾನು, ನನ್ನ ಮುಖ ಇವನು ನೋಡ್ಕೊಂಡು ಕೂತ್ಕೊಳ್ಳೋದಾ?"

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಣ್ಣಿಲ್ಲದ ತಮಟೆ ಸೈನಿಕನೊಬ್ಬನನ್ನು ಸೂಜಿಯ ಮುಂದೆ ನಿಲ್ಲಿಸಿ, ತನ್ನ ಕುಂಚವನ್ನು ಅವನ ಕೈಗೆ ತುರುಕಿದಳು. "ಬರಿ. ನನ್ನೆದುರಿಗೇ ಬರಿ."

ಕದ್ದು ಸಾಲುಸಾಲು ಬರೆದವನಿಗೆ ಅವಳ ಎದುರಿಗೆ ಕೈಕಾಲೇ ಆಡಲಿಲ್ಲ. ಕರಿ ಚುಕ್ಕೆ ತಮಟೆಯವನ ಕೆನ್ನೆಗೆ ಹೋಗಿ ಕೂತಿತು.

"ಥೂ, ಒರೆಸು! ಉಸಿರು ಹಿಡ್ಕೊಂಡು ಇನ್ನೊಂದ್ಸಲ ಇಡು. ನನ್ನ ಕೈಯಂತೂ ಹೋಯ್ತು, ನಿನ್ನದಾದ್ರೂ ನಿಲ್ಲಲಿ." ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಎರಡನೆಯ ಸಲ ಚುಕ್ಕೆ ರೆಪ್ಪೆಗೆ ಅಂಟಿ ನಿಂತಿತು. ಅಕ್ಕ ಭೂತಗನ್ನಡಿ ಹಿಡಿದು ತಪ್ಪು ಹುಡುಕಿದಳು, ತುಂಬ ಹೊತ್ತು ಹುಡುಕಿದಳು, ಸಿಗಲಿಲ್ಲ. "ಹೂಂ. ಇನ್ಮೇಲೆ ಕಣ್ಣು ನಿಂದೇ" ಎಂದಳು.

ಸೂಜಿ ಮೆಲ್ಲಗೆ ಬಾವುಟದವನ ಕಡೆ ಕೈ ಚಾಚಿದ. "ಹಾಗಾದ್ರೆ ಭಾವನವರದ್ದೂ ಮೊದಲಿನ ಹಾಗೆ ಮಾಡಿಬಿಡ್ಲಾ?"

ಅಕ್ಕ ಅವನ ಕೈ ಮೇಲೊಂದು ಬಿಟ್ಟಳು. "ಅವರನ್ನ ಮುಟ್ಟಿದ್ರೆ ನೋಡು. ಆ ಕಣ್ಣಿಗೆ ನನ್ನ ಕೈಯೇ ಸರಿ."